ಅವಳಿ ಮಕ್ಕಳಲ್ಲ, ಹತ್ತು ಕಿಲೋ ಗಡ್ಡೆ: ಹೊಟ್ಟೆಯ ವೇಷ ಬಯಲು ಮಾಡಿದ ಡಾಕ್ಟರ್ ಮ್ಯಾಕ್‌ಡೊವೆಲ್

ಹೊಟ್ಟೆಯ ಬಗ್ಗೆ ಬರುವ ಫಾರ್ವರ್ಡ್ ಮೆಸೇಜುಗಳಲ್ಲಿ ಎರಡು ಬಗೆ. ಒಂದು ಬಗೆಯದು ಹೆದರಿಸುತ್ತದೆ: ಗಡ್ಡೆ ಅಂದರೆ ಕ್ಯಾನ್ಸರೇ, ಚಾಕು ತಾಗಿಸಿದರೆ ಮೈತುಂಬ ಹರಡುತ್ತದೆ ಅನ್ನುತ್ತದೆ. ಇನ್ನೊಂದು ಬಗೆಯದು ಸಮಾಧಾನ ಹೇಳಿ ಮಲಗಿಸುತ್ತದೆ: ಎಂಥ ಹೊಟ್ಟೆನೋವೇ ಇರಲಿ ಅದು ಗ್ಯಾಸೇ, ಓಂಕಾಳು ಅಗಿದು ಹರಳೆಣ್ಣೆ ಕುಡಿದರೆ ಆಯಿತು ಅನ್ನುತ್ತದೆ. ಎರಡೂ ತಪ್ಪು. ಎರಡೂ ಜೀವಕ್ಕೆ ಕುತ್ತು ತರಬಲ್ಲವು.

ಇವೆರಡೂ ಯಾಕೆ ತಪ್ಪು ಅಂತ ತಿಳಿಯಲು ಒಬ್ಬ ವೈದ್ಯರ ಬದುಕನ್ನು ಓದಿದರೆ ಸಾಕು. ಅವರ ಹೆಸರು ಎಫ್ರೈಮ್ ಮ್ಯಾಕ್‌ಡೊವೆಲ್. ಹೆಸರು ಕೇಳಿದ ಕೂಡಲೇ ಬಾಟಲಿ ನೆನಪಾಗಿ ನಗು ಬಂದಿರಬಹುದು. ಆ ಬಾಟಲಿಗೂ ಇವರಿಗೂ ಸಂಬಂಧವಿಲ್ಲ. ಇವರು ಅಮೆರಿಕದ ಹಳ್ಳಿಗಾಡಿನ ಸರ್ಜನ್. ಅಂಡಾಶಯದ ದೊಡ್ಡ ಗಡ್ಡೆಯನ್ನು ಹೊಟ್ಟೆ ಕೊಯ್ದು ತೆಗೆದು, ರೋಗಿಯನ್ನು ಬದುಕಿಸಿ, ಅದನ್ನು ಬರೆದಿಟ್ಟ ಮೊದಲಿಗರು. ಎಲ್ಲರೂ ಬಸಿರು ಅಂದುಕೊಂಡಿದ್ದನ್ನು ಅವರು ಗಡ್ಡೆ ಎಂದು ಗುರುತಿಸಿದರು. ಆದರೆ ಕೊನೆಗೆ ಅವರ ಪ್ರಾಣ ತೆಗೆದದ್ದೂ ಹೊಟ್ಟೆಯೊಳಗಿನ ಒಂದು ಕಾಯಿಲೆಯೇ. ಅದನ್ನು ಆಗ ಯಾರಿಗೂ ಗುರುತಿಸಲು ಆಗಲಿಲ್ಲ.

ಹುಟ್ಟು ಮತ್ತು ಓದು

ಮ್ಯಾಕ್‌ಡೊವೆಲ್ ಹುಟ್ಟಿದ್ದು 1771ರ ನವೆಂಬರ್ 11ರಂದು, ವರ್ಜೀನಿಯಾದ ರಾಕ್‌ಬ್ರಿಜ್ ಎಂಬಲ್ಲಿ. ತುಂಬು ಸಂಸಾರ. 1784ರಲ್ಲಿ ತಂದೆ ಸ್ಯಾಮುಯೆಲ್ ಅವರಿಗೆ ಜಮೀನು ವ್ಯಾಜ್ಯಗಳನ್ನು ನೋಡುವ ಸರಕಾರಿ ಕೆಲಸ ಸಿಕ್ಕಿತು. ಸಂಸಾರವೆಲ್ಲ ಗಂಟುಮೂಟೆ ಕಟ್ಟಿಕೊಂಡು ಕೆಂಟಕಿಯ ಡ್ಯಾನ್‌ವಿಲ್ ಎಂಬ ಊರಿಗೆ ಹೋಯಿತು. ಆಗ ಕೆಂಟಕಿ ಇನ್ನೂ ಪ್ರತ್ಯೇಕ ರಾಜ್ಯವೂ ಆಗಿರಲಿಲ್ಲ. ಸುತ್ತ ಕಾಡು, ನಡುವೆ ಮರದ ದಿಮ್ಮಿಯ ಮನೆಗಳು.

ಹುಡುಗ ಮೊದಲು ವರ್ಜೀನಿಯಾದಲ್ಲಿ ಅಲೆಕ್ಸಾಂಡರ್ ಹಂಫ್ರೀಸ್ ಎಂಬ ವೈದ್ಯರ ಕೈಕೆಳಗೆ ಕಲಿತ. ಆಮೇಲೆ ಹಡಗು ಹತ್ತಿ ಸ್ಕಾಟ್ಲೆಂಡಿನ ಎಡಿನ್‌ಬರಕ್ಕೆ ಹೋದ. ಆಗಿನ ಕಾಲಕ್ಕೆ ವೈದ್ಯಕೀಯ ಕಲಿಯಲು ಅದಕ್ಕಿಂತ ದೊಡ್ಡ ಹೆಸರಿನ ಜಾಗ ಹೆಚ್ಚಿರಲಿಲ್ಲ. ಅಲ್ಲಿ ಜಾನ್ ಬೆಲ್ ಎಂಬ ಸರ್ಜನ್ ಖಾಸಗಿಯಾಗಿ ಪಾಠ ಮಾಡುತ್ತಿದ್ದರು. ಅಂಡಾಶಯದ ಗಡ್ಡೆಯಿಂದ ನರಳಿ ಸಾಯುವ ಹೆಂಗಸರ ಸಂಕಟವನ್ನೂ, ಆ ಗಡ್ಡೆಯನ್ನು ತೆಗೆಯಲು ಸಾಧ್ಯವಾಗಬಹುದು ಎಂಬ ಮಾತನ್ನೂ ಮ್ಯಾಕ್‌ಡೊವೆಲ್ ಕೇಳಿದ್ದು ಅವರಿಂದ ಎನ್ನುತ್ತಾರೆ.

1795ರಲ್ಲಿ ಡ್ಯಾನ್‌ವಿಲ್‌ಗೆ ಮರಳಿದಾಗ ಅವರ ಕೈಯಲ್ಲಿ ಪದವಿ ಪತ್ರ ಇರಲಿಲ್ಲ. ಕಲಿತ ವಿದ್ಯೆ ಇತ್ತು, ಒಳ್ಳೆಯ ಕೈ ಇತ್ತು. ಕುದುರೆ ಏರಿ ಮೈಲಿಗಟ್ಟಲೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಮೂತ್ರಕೋಶದ ಹರಳು ತೆಗೆಯುವುದರಲ್ಲಿ ಹೆಸರಾದರು. 1802ರಲ್ಲಿ ಕೆಂಟಕಿಯ ಮೊದಲ ಗವರ್ನರ್ ಐಸಾಕ್ ಶೆಲ್ಬಿ ಅವರ ಮಗಳು ಸಾರಾ ಅವರನ್ನು ಮದುವೆಯಾದರು.

ದಿನ ತುಂಬಿದರೂ ಹೆರಿಗೆಯಾಗಲಿಲ್ಲ

1809ರ ಡಿಸೆಂಬರ್. ಡ್ಯಾನ್‌ವಿಲ್‌ನಿಂದ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ದೂರದ ಗ್ರೀನ್ ಕೌಂಟಿಯಿಂದ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಣ್ಣುಮಗಳು, ವಯಸ್ಸು ನಲವತ್ತಾರರ ಆಸುಪಾಸು, ಮಕ್ಕಳ ತಾಯಿ. ಹೊಟ್ಟೆ ಉಬ್ಬಿ ನಿಂತಿತ್ತು. ಹೆರಿಗೆ ನೋವಿನಂಥದೇ ನೋವು ಬರುತ್ತಿತ್ತು, ಹೆರಿಗೆ ಮಾತ್ರ ಆಗುತ್ತಿರಲಿಲ್ಲ. ನೋಡುತ್ತಿದ್ದ ಸ್ಥಳೀಯ ವೈದ್ಯರಿಗೆ ಇದು ದಿನ ಮೀರಿದ ಬಸಿರು, ಬಹುಶಃ ಅವಳಿ ಮಕ್ಕಳು ಎಂದು ಖಾತ್ರಿಯಾಗಿತ್ತು. ಹೆರಿಗೆ ಮಾಡಿಸಲು ಬನ್ನಿ ಎಂದೇ ಮ್ಯಾಕ್‌ಡೊವೆಲ್ ಅವರಿಗೆ ಹೇಳಿಕಳಿಸಿದ್ದರು.

ಹೋಗಿ ನೋಡಿದರು. ಆಗ ಸ್ಕ್ಯಾನಿಂಗ್ ಇಲ್ಲ, ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಮಗುವಿನ ಎದೆಬಡಿತ ಕೇಳಲು ಈಗಿನಂಥ ಸಾಧನವೂ ಇಲ್ಲ. ಸ್ಟೆತಾಸ್ಕೋಪ್ ಹುಟ್ಟಿದ್ದೇ 1816ರಲ್ಲಿ. ಇದ್ದದ್ದು ಎರಡು ಕೈ ಮಾತ್ರ. ಒಳಗಿನಿಂದ ಮುಟ್ಟಿ ಪರೀಕ್ಷಿಸಿದಾಗ ಗರ್ಭಕೋಶ ಖಾಲಿ ಇದೆ ಅಂತ ಗೊತ್ತಾಯಿತು. ಗರ್ಭಕೋಶ ಖಾಲಿ ಇದ್ದು ಹೊಟ್ಟೆ ಇಷ್ಟು ದೊಡ್ಡದಾಗಿದ್ದರೆ ಒಳಗಿರುವುದು ಮಗುವಲ್ಲ, ಅಂಡಾಶಯದ ಗಡ್ಡೆ ಎಂದು ತೀರ್ಮಾನಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಸ್ಥಳೀಯ ವೈದ್ಯರು ದಡ್ಡರಾಗಿರಲಿಲ್ಲ. ಹೆಣ್ಣುಮಗಳು, ಉಬ್ಬಿದ ಹೊಟ್ಟೆ, ಬಿಟ್ಟು ಬಿಟ್ಟು ಬರುವ ನೋವು. ಸಾವಿರ ಜನರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಅದು ಬಸಿರೇ ಆಗಿರುತ್ತದೆ. ಅಪರೂಪದ ಗಡ್ಡೆಗಳ ಅಪಾಯವೇ ಇದು. ಅವು ದಿನನಿತ್ಯ ಕಾಣುವ ಕಾಯಿಲೆಯ ವೇಷ ಹಾಕಿಕೊಂಡು ಬರುತ್ತವೆ.

ಕುದುರೆ ಮೇಲೆ ಕೆಲವು ದಿನಗಳ ದಾರಿ

ಮ್ಯಾಕ್‌ಡೊವೆಲ್ ಆಕೆಯಿಂದ ಏನನ್ನೂ ಮುಚ್ಚಿಡಲಿಲ್ಲ. ಹೀಗೇ ಬಿಟ್ಟರೆ ಸಾವು ಖಚಿತ ಎಂದರು. ಹೊಟ್ಟೆ ಕೊಯ್ದು ಇಂಥ ಗಡ್ಡೆ ತೆಗೆದದ್ದು ತನಗೆ ತಿಳಿದಂತೆ ಎಲ್ಲೂ ಇಲ್ಲ, ಇದು ಪ್ರಯೋಗ ಎಂದೂ ಹೇಳಿದರು. ಆ ಕಾಲದ ದೊಡ್ಡ ದೊಡ್ಡ ಸರ್ಜನ್‌ಗಳು ಹೊಟ್ಟೆಯ ಒಳಪದರ ತೆರೆದರೆ ರೋಗಿ ಉಳಿಯುವುದೇ ಇಲ್ಲ ಎಂದು ನಂಬಿದ್ದರು. ಇಷ್ಟೆಲ್ಲ ಕೇಳಿದ ಮೇಲೂ ಒಪ್ಪುವುದಾದರೆ ಡ್ಯಾನ್‌ವಿಲ್‌ಗೆ ಬರಬೇಕು ಅಂದರು.

ಜೇನ್ ಒಪ್ಪಿದರು. ಚಳಿಗಾಲದಲ್ಲಿ, ಹತ್ತು ಕಿಲೋ ಗಡ್ಡೆ ಹೊತ್ತುಕೊಂಡು, ಕುದುರೆ ಮೇಲೆ 96 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಜಮಖಂಡಿಯಿಂದ ಮಿರಜ್‌ವರೆಗಿನ ದಾರಿ. ಕೆಲವು ದಿನಗಳ ಪ್ರಯಾಣ. ಗಡ್ಡೆಯ ಭಾರವೆಲ್ಲ ಜೀನಿನ ಮುಂದಿನ ಗೂಟದ ಮೇಲೆ ಬಿದ್ದು, ಊರು ತಲುಪುವ ಹೊತ್ತಿಗೆ ಹೊಟ್ಟೆಯ ಪಕ್ಕ ಕಂದಿ ಹೋಗಿತ್ತು. ಇವತ್ತು ಸ್ಕ್ಯಾನಿಂಗ್‌ಗೆ ಹೋಗಲು ನಾಳೆ ನಾಳೆ ಅನ್ನುವ ನಮಗೆ ಈ ಪ್ರಯಾಣ ನೆನಪಿರಬೇಕು.

ಇಪ್ಪತ್ತೈದು ನಿಮಿಷ

ರೂಢಿಯಲ್ಲಿ ಹೇಳುವಂತೆ ಅದು ಕ್ರಿಸ್ಮಸ್ ದಿನ. ಮ್ಯಾಕ್‌ಡೊವೆಲ್ ಅವರ ಮನೆಯೇ ಆಸ್ಪತ್ರೆ. ಕೈಗೆ ಗ್ಲೌಸ್ ಇಲ್ಲ, ರೋಗಾಣು ಎಂಬ ಮಾತೇ ಇನ್ನೂ ಯಾರಿಗೂ ಗೊತ್ತಿಲ್ಲ. ಮೈಮರೆಸುವ ಈಥರ್ ಆಪರೇಷನ್ನಿಗೆ ಬಂದು ಜಗತ್ತಿಗೆ ತಿಳಿದದ್ದು 1846ರಲ್ಲಿ, ಅಂದರೆ ಇನ್ನೂ 37 ವರ್ಷ ಬಾಕಿ. ಜೊತೆಗೆ ನಿಂತವರು ವೈದ್ಯರಾಗಿದ್ದ ಸಂಬಂಧಿ ಜೇಮ್ಸ್.

ಹೊಟ್ಟೆಯ ಎಡಭಾಗದಲ್ಲಿ ಒಂಬತ್ತು ಇಂಚು ಉದ್ದಕ್ಕೆ ಕೊಯ್ದರು. ಕರುಳು ಹೊರಬಂದು ಮೇಜಿನ ಮೇಲೆ ಬಿತ್ತು. ಗಡ್ಡೆ ಎಷ್ಟು ದೊಡ್ಡದೆಂದರೆ ಇಡಿಯಾಗಿ ಹೊರತೆಗೆಯಲು ಆಗಲಿಲ್ಲ. ಮೊದಲು ಅದರ ಬುಡಕ್ಕೆ ದಾರ ಬಿಗಿದರು. ಆಮೇಲೆ ಗಡ್ಡೆಯನ್ನೇ ಸೀಳಿ ಒಳಗಿದ್ದ ಅಂಟಿನಂಥ ದ್ರವವನ್ನು ಹೊರತೆಗೆದರು. ಅದೇ 15 ಪೌಂಡ್ ಇತ್ತು. ನಂತರ ಖಾಲಿಯಾದ ಚೀಲವನ್ನು ಕೊಯ್ದು ತೆಗೆದರು, ಅದು ಏಳೂವರೆ ಪೌಂಡ್. ಎರಡೂ ಸೇರಿ ಹತ್ತು ಕಿಲೋಗಿಂತ ಸ್ವಲ್ಪ ಹೆಚ್ಚು. ಆಕೆಯನ್ನು ಎಡಮಗ್ಗುಲಿಗೆ ತಿರುಗಿಸಿ ಒಳಗಿನ ರಕ್ತ ಹರಿದುಹೋಗುವಂತೆ ಮಾಡಿ, ಕರುಳನ್ನು ಒಳಗಿಟ್ಟು ಹೊಲಿದರು. ಎಲ್ಲ ಸೇರಿ ಸುಮಾರು 25 ನಿಮಿಷ. ಅಷ್ಟೂ ಹೊತ್ತು ಜೇನ್ ತಾವು ನಂಬಿದ ದೇವರ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದರು ಎನ್ನುತ್ತಾರೆ.

ಐದನೆಯ ದಿನ ಡಾಕ್ಟರು ನೋಡಲು ಹೋದರೆ ಆಕೆ ಎದ್ದು ಹಾಸಿಗೆ ಸರಿಮಾಡುತ್ತಿದ್ದರು! ಇಪ್ಪತ್ತೈದು ದಿನಕ್ಕೆ ತಮ್ಮ ಊರಿಗೆ ಮರಳಿದರು. ಆಮೇಲೆ 32 ವರ್ಷ ಬದುಕಿ, 1842ರಲ್ಲಿ, 78ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಪರೇಷನ್ ಮಾಡಿದ ವೈದ್ಯರಿಗಿಂತ ಹನ್ನೆರಡು ವರ್ಷ ಹೆಚ್ಚು ಕಾಲ ಬದುಕಿದ್ದರು.

ಆ ಗಡ್ಡೆ ಕ್ಯಾನ್ಸರ್ ಆಗಿದ್ದರೆ, ಅದೂ ಒಳಗೇ ಸೀಳಿ ತೆಗೆದ ಮೇಲೆ, ಇಷ್ಟು ವರ್ಷ ಬದುಕುವುದು ಕಷ್ಟವಿತ್ತು. ಆದ್ದರಿಂದ ಅದು ಅಂಡಾಶಯದ ಒಂದು ಸಾಧು ಗಡ್ಡೆ, ಮ್ಯೂಸಿನಸ್ ಸಿಸ್ಟಡಿನೋಮಾ ಆಗಿರಬೇಕು ಎಂಬುದು ಈಗಿನ ವೈದ್ಯರ ಅಂದಾಜು. ಸಾಧು ಗಡ್ಡೆ ಅಂದರೆ ಕ್ಯಾನ್ಸರ್ ಅಲ್ಲದ್ದು. ಇದ್ದ ಜಾಗದಲ್ಲೇ ಬೆಳೆಯುತ್ತದೆ, ಬೇರೆ ಅಂಗಕ್ಕೆ ಹಾರುವುದಿಲ್ಲ. ಆದರೆ ಸಾಧು ಅಂದ ಮಾತ್ರಕ್ಕೆ ಅಪಾಯವೇ ಇಲ್ಲ ಅಂತಲ್ಲ. ಬೆಳೆದು ಕರುಳು, ಉಸಿರು ಎಲ್ಲವನ್ನೂ ಒತ್ತಿ ಹಿಡಿಯಬಲ್ಲದು.

ಒಂದು ಕಟ್ಟುಕಥೆ, ಒಂದು ಕಹಿ ಸತ್ಯ

ಈ ಆಪರೇಷನ್ ಕುರಿತು ಒಂದು ಕಥೆ ಇಂಟರ್‌ನೆಟ್ಟಿನಲ್ಲಿ ಸುತ್ತುತ್ತಲೇ ಇರುತ್ತದೆ. ಮನೆಯ ಹೊರಗೆ ಜನ ಮರಕ್ಕೆ ಹಗ್ಗ ಕಟ್ಟಿ ಕಾಯುತ್ತಿದ್ದರಂತೆ, ಹೆಂಗಸು ಸತ್ತರೆ ಡಾಕ್ಟರನ್ನು ನೇಣಿಗೇರಿಸಲು. ಓದಲು ರೋಚಕವಾಗಿದೆ. ಆದರೆ ಮ್ಯಾಕ್‌ಡೊವೆಲ್ ತಾವೇ ಬರೆದ ವರದಿಯಲ್ಲಿ ಇದರ ಸುಳಿವೂ ಇಲ್ಲ. ನಂತರದವರು ಸೇರಿಸಿದ ಕಥೆ ಎಂದೇ ತಿಳಿಯಬೇಕು.

ನಿಜವಾದ ಕಹಿ ಬೇರೆ ಇದೆ. ಮ್ಯಾಕ್‌ಡೊವೆಲ್ ಎಂಟು ವರ್ಷ ಕಾದು, ಇನ್ನೂ ಎರಡು ಇಂಥ ಆಪರೇಷನ್ ಆದ ಮೇಲೆ, 1817ರಲ್ಲಿ ಫಿಲಡೆಲ್ಫಿಯಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮೂರು ರೋಗಿಗಳ ವರದಿ ಪ್ರಕಟಿಸಿದರು. ಎರಡನೆಯ ಮತ್ತು ಮೂರನೆಯ ರೋಗಿಗಳು ಕಪ್ಪು ಹೆಣ್ಣುಮಕ್ಕಳು. ಆಗ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು. ಜೇನ್ ಅವರಿಗೆ ಬೇಕು ಅಥವಾ ಬೇಡ ಅನ್ನುವ ಸ್ವಾತಂತ್ರ್ಯ ಇತ್ತು. ಗುಲಾಮರಿಗೆ ಅದು ಇರಲಿಲ್ಲ. ಜೇನ್ ಅವರ ಹೆಸರು ಇತಿಹಾಸದಲ್ಲಿ ಉಳಿಯಿತು, ಅವರ ಹೆಸರು ಉಳಿಯಲಿಲ್ಲ. ಇವತ್ತು ನಾವು ಹೆದರಿಕೆಯಿಲ್ಲದೆ ಮಲಗುವ ಆಪರೇಷನ್ ಮೇಜಿಗೆ ಅವರ ನೋವಿನ ಋಣವೂ ಇದೆ.

ವರದಿಯನ್ನು ವೈದ್ಯರು ನಂಬಲಿಲ್ಲ. ಕಾಡಿನಂಚಿನ ಊರಿನ, ಪದವಿಯಿಲ್ಲದ ಡಾಕ್ಟರು ಲಂಡನ್ ಸರ್ಜನ್‌ಗಳಿಗೆ ಆಗದ್ದನ್ನು ಮಾಡಿದನೇ ಎಂಬ ಅಸಡ್ಡೆ. ಲಂಡನ್ನಿನ ಪತ್ರಿಕಾ ಸಂಪಾದಕ ಜೇಮ್ಸ್ ಜಾನ್ಸನ್ ಬಹಿರಂಗವಾಗಿಯೇ ಗೇಲಿ ಮಾಡಿದರು. ವರ್ಷಗಳ ನಂತರ ಅದೇ ಸಂಪಾದಕರು ತಪ್ಪೊಪ್ಪಿಕೊಳ್ಳಬೇಕಾಯಿತು. ಗುರು ಜಾನ್ ಬೆಲ್ ಅವರಿಗೂ ವರದಿ ಕಳಿಸಿದ್ದರು. ಆದರೆ ಬೆಲ್ ಆಗ ಕಾಯಿಲೆ ಬಿದ್ದು ಇಟಲಿಯಲ್ಲಿದ್ದರು, ಅಲ್ಲೇ 1820ರಲ್ಲಿ ತೀರಿಕೊಂಡರು. ಎಡಿನ್‌ಬರದಲ್ಲಿ ಅದು ಜಾನ್ ಲಿಜಾರ್ಸ್ ಎಂಬ ಸರ್ಜನ್ ಕೈಸೇರಿ, ಅವರ ಮೂಲಕ ಯುರೋಪಿಗೆ ಗೊತ್ತಾಯಿತು.

ಮ್ಯಾಕ್‌ಡೊವೆಲ್ ವಾದಕ್ಕೆ ಇಳಿಯಲಿಲ್ಲ, ಕೆಲಸ ಮುಂದುವರಿಸಿದರು. ಬದುಕಿನಲ್ಲಿ ಇಂಥ ಹನ್ನೆರಡರಷ್ಟು ಆಪರೇಷನ್ ಮಾಡಿದರು, ಹೆಚ್ಚಿನವರು ಉಳಿದರು. 1812ರಲ್ಲಿ 17 ವರ್ಷದ ಒಬ್ಬ ಹುಡುಗನ ಮೂತ್ರಕೋಶದ ಹರಳು ತೆಗೆದರು. ಆ ಹುಡುಗ ಜೇಮ್ಸ್ ಪೋಕ್, ಮುಂದೆ 1845ರಲ್ಲಿ ಅಮೆರಿಕದ ಅಧ್ಯಕ್ಷನಾದ. 1819ರಲ್ಲಿ ಊರಲ್ಲಿ ಸೆಂಟರ್ ಕಾಲೇಜು ಶುರುವಾದಾಗ ಅದರ ಮೊದಲ ಟ್ರಸ್ಟಿಗಳಲ್ಲಿ ಒಬ್ಬರಾದರು. 1825ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಗೌರವ ಎಂ.ಡಿ. ಪದವಿ ಕೊಟ್ಟಿತು. ಆಗ ಅವರಿಗೆ 53 ವರ್ಷ.

ವೈದ್ಯರನ್ನೇ ಕೊಂದ ಹೊಟ್ಟೆನೋವು

1830ರ ಜೂನ್. ಮ್ಯಾಕ್‌ಡೊವೆಲ್ ಅವರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು, ವಾಕರಿಕೆ, ಜ್ವರ. ಜಠರದ ಉರಿಯೂತ ಎಂದು ಆಗಿನವರು ತಿಳಿದರು. ಜೂನ್ 25ರಂದು, 58ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಲಕ್ಷಣಗಳನ್ನು ನೋಡಿದ ನಂತರದ ವೈದ್ಯರ ಅಂದಾಜು ಒಂದೇ: ಅಪೆಂಡಿಕ್ಸ್ ಒಡೆದಿತ್ತು.

ಅಪೆಂಡಿಕ್ಸ್ ಅಂದರೆ ಹೊಟ್ಟೆಯ ಬಲಗಡೆ ಕೆಳಗೆ, ದೊಡ್ಡ ಕರುಳಿನ ಶುರುವಿಗೆ ಅಂಟಿಕೊಂಡಿರುವ ಕಿರುಬೆರಳಿನಷ್ಟು ಸಣ್ಣ ಚೀಲ. ಅದು ಬಾತುಕೊಂಡು ಒಡೆಯುವುದೇ ಇಂಥ ಎಷ್ಟೋ ಸಾವುಗಳಿಗೆ ಕಾರಣ ಎಂದು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಸ್ಪಷ್ಟವಾಗಿ ತೋರಿಸಿದ್ದು 1886ರಲ್ಲಿ. ಮ್ಯಾಕ್‌ಡೊವೆಲ್ ಸತ್ತು ಅಷ್ಟೊತ್ತಿಗೆ 56 ವರ್ಷ. ಹತ್ತು ಕಿಲೋ ಗಡ್ಡೆ ಹೊತ್ತ ಹೆಣ್ಣುಮಗಳು ಸರಿಯಾಗಿ ಗುರುತು ಹಿಡಿದದ್ದರಿಂದ ಬದುಕಿದರು. ಕಿರುಬೆರಳಿನಷ್ಟು ಚೀಲದ ಕಾಯಿಲೆ ಗುರುತು ಸಿಗದೆ ಅವರನ್ನು ಬದುಕಿಸಿದ ವೈದ್ಯರೇ ಹೋದರು. ಗಡ್ಡೆಯ ಗಾತ್ರ ಅಪಾಯದ ಅಳತೆಯಲ್ಲ.

ಇವತ್ತಿಗೂ ವೇಷ ಹಾಕುವ ಗಡ್ಡೆಗಳು

ಹೊಟ್ಟೆಯೊಳಗಿನ ಅಂಗಗಳ ನರಗಳು ನೋವು ಎಲ್ಲಿ ಅಂತ ಸರಿಯಾಗಿ ಹೇಳುವುದಿಲ್ಲ. ಕರುಳಾಗಲಿ ಅಪೆಂಡಿಕ್ಸ್ ಆಗಲಿ, ನೋವು ಮೊದಲು ಹೊಕ್ಕಳ ಸುತ್ತ ಕಾಣಿಸಿಕೊಳ್ಳಬಹುದು. ಉರಿ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆಯೇ ನಿಜವಾದ ಜಾಗ ಗೊತ್ತಾಗುವುದು. ಅದಕ್ಕೇ ಹೊಕ್ಕಳು ಸರಿದಿದೆ ಅಂತ ಹೊಟ್ಟೆ ತಿಕ್ಕಿಸಿಕೊಂಡವರಲ್ಲಿ ಕೆಲವರು ಆಮೇಲೆ ಅಪೆಂಡಿಕ್ಸ್ ಒಡೆದ ಸ್ಥಿತಿಯಲ್ಲಿ ದವಾಖಾನೆಗೆ ಬರುತ್ತಾರೆ. ಇದೇ ಕಾರಣಕ್ಕೆ ಅಪರೂಪದ ಸಾಧು ಗಡ್ಡೆಗಳೂ ಅಪೆಂಡಿಕ್ಸ್‌ನಂತೆಯೋ ಕರುಳು ಕಟ್ಟಿದಂತೆಯೋ ಕಾಣುತ್ತವೆ.

ಅಂಡಾಶಯದ ಗಡ್ಡೆ ತೊಟ್ಟಿನ ಸಮೇತ ತಿರುಚಿಕೊಳ್ಳುವುದು: ಹಣ್ಣು ತೊಟ್ಟಿನಲ್ಲಿ ತಿರುಗಿದ ಹಾಗೆ. ರಕ್ತದ ಓಟ ನಿಂತು ಜೋರು ನೋವು, ವಾಂತಿ. ಬಲಗಡೆ ಆದರೆ ಥೇಟ್ ಅಪೆಂಡಿಕ್ಸ್. ಕೆಲವೇ ಗಂಟೆಗಳಲ್ಲಿ ಬಿಡಿಸಿದರೆ ಅಂಡಾಶಯ ಉಳಿಯಬಹುದು, ತಡವಾದರೆ ಅದನ್ನೇ ತೆಗೆಯಬೇಕಾಗಬಹುದು.

ಡರ್ಮಾಯಿಡ್ ಗಡ್ಡೆ: ಹರೆಯದ ಹೆಣ್ಣುಮಕ್ಕಳ ಅಂಡಾಶಯದಲ್ಲಿ ಬರುವಂಥದು. ಒಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಇದರ ಫೋಟೋ ಹಾಕಿ ಮಾಟ, ಭಾನಾಮತಿ ಎಂದು ಬರೆದ ಮೆಸೇಜು ಬಂದರೆ ನಂಬಬೇಡಿ. ಅಂಡಾಣುವಾಗುವ ಜೀವಕೋಶಕ್ಕೆ ಚರ್ಮ, ಕೂದಲು, ಹಲ್ಲು ಎಲ್ಲವನ್ನೂ ಬೆಳೆಸುವ ಶಕ್ತಿ ಇರುತ್ತದೆ. ಅದು ಅಡ್ಡದಾರಿ ಹಿಡಿದಾಗ ಹೀಗಾಗುತ್ತದೆ. ಬಹುತೇಕ ಇವು ಕ್ಯಾನ್ಸರ್ ಅಲ್ಲ.

ಕರುಳಿನ ಕೊಬ್ಬಿನ ಗಡ್ಡೆ: ಲಿಪೋಮಾ ಅನ್ನುತ್ತಾರೆ. ಕರುಳಿನ ಒಳಗೆ ಬೆಳೆದು, ಅಂಗಿಯ ತೋಳು ಒಳಸೇರಿದ ಹಾಗೆ, ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ನುಗ್ಗುವಂತೆ ಮಾಡುತ್ತದೆ. ಕರುಳು ಒಂದರೊಳಗೊಂದು ಸೇರುವುದು ಚಿಕ್ಕ ಮಕ್ಕಳಲ್ಲಿ ಹೆಚ್ಚು. ದೊಡ್ಡವರಲ್ಲಿ ಹಾಗಾದರೆ ಹಿಂದೆ ಏನೋ ಗಡ್ಡೆ ಇದೆಯೇ ಎಂದು ವೈದ್ಯರು ಹುಡುಕುತ್ತಾರೆ.

ಕರುಳಿನ ಪರದೆಯ ನೀರುಗುಳ್ಳೆ: ಕರುಳನ್ನು ಬೆನ್ನಿಗೆ ಹಿಡಿದಿಡುವ ಪರದೆಯಲ್ಲಿ ಬೆಳೆಯುವ ಚೀಲ. ತುಂಬ ಅಪರೂಪ. ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ತಿರುಚಿಕೊಂಡಾಗ ಅಥವಾ ಒಳಗೆ ರಕ್ತ ಸೋರಿದಾಗ ತುರ್ತು ಸ್ಥಿತಿ ತರುತ್ತದೆ.

ಗರ್ಭಕೋಶದ ತೊಟ್ಟಿರುವ ಫೈಬ್ರಾಯಿಡ್: ಫೈಬ್ರಾಯಿಡ್ ಸಾಮಾನ್ಯ, ಅದು ತೊಟ್ಟಿನಲ್ಲಿ ತಿರುಚಿಕೊಳ್ಳುವುದು ಅಪರೂಪ. ತಿರುಚಿದರೆ ನೋವು ಸಹಿಸಲಾಗದು.

ಸ್ಕ್ಯಾನಿಂಗ್, ಸಿಟಿ ಸ್ಕ್ಯಾನ್ ಇರುವ ಈ ಕಾಲದಲ್ಲೂ ಅಪೆಂಡಿಕ್ಸ್ ಅಂತ ಹೊಟ್ಟೆ ತೆರೆದ ಮೇಲೆ ಬೇರೆಯೇ ಏನೋ ಸಿಗುವುದುಂಟು. ಅದು ಯಾವಾಗಲೂ ಡಾಕ್ಟರ ಅಜ್ಞಾನ ಅಲ್ಲ. ಒಡೆಯುವ ಮುಂಚೆ ಒಳಗೆ ನೋಡಿದ್ದೇ ಎಷ್ಟೋ ಸಲ ಜೀವ ಉಳಿಸಿರುತ್ತದೆ.

ನಮ್ಮ ಕಡೆಗೆ ಈ ವಿದ್ಯೆ ಬಂದದ್ದು

ಜೇನ್ ಕುದುರೆ ಏರಿದ ದಾರಿಯನ್ನು ಜಮಖಂಡಿ–ಮಿರಜ್ ದಾರಿಗೆ ಹೋಲಿಸಿದ್ದಕ್ಕೆ ಕಾರಣವಿದೆ. ಡ್ಯಾನ್‌ವಿಲ್‌ನ ಆ ಆಪರೇಷನ್ ಆಗಿ 85 ವರ್ಷಕ್ಕೆ, 1894ರಲ್ಲಿ, ಮಿರಜ್‌ನಲ್ಲಿ ಕೆನಡಾ ಮೂಲದ ಸರ್ಜನ್ ವಿಲಿಯಂ ವಾನ್ಲೆಸ್ ಮಿಷನ್ ಆಸ್ಪತ್ರೆ ತೆರೆದರು. ಅಷ್ಟೊತ್ತಿಗೆ ಮೈಮರೆಸುವ ಔಷಧ ಬಂದಿತ್ತು, ರೋಗಾಣು ಕೊಲ್ಲುವ ವಿಧಾನ ಬಂದಿತ್ತು. ಮ್ಯಾಕ್‌ಡೊವೆಲ್ ಅವರಿಗೆ ಇಲ್ಲದ ಎರಡು ಆಯುಧ. ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ, ಬೀಳಗಿ ಸೀಮೆಯ ಮನೆಗಳಲ್ಲಿ ದೊಡ್ಡ ಆಪರೇಷನ್ ಅಂದರೆ ಮಿರಜ್ ಎಂಬ ಮಾತು ತಲೆಮಾರುಗಳ ಕಾಲ ನಡೆಯಿತು. ಕುಡಚಿಯಲ್ಲಿ ರೈಲು ಹಿಡಿದು ರೋಗಿಯನ್ನು ಒಯ್ಯುತ್ತಿದ್ದ ಕಾಲ ಅದು. ದಾರಿಯಲ್ಲೇ ಹೋದ ಗಂಟೆಗಳು ಎಷ್ಟೋ.

ಇವತ್ತು ಬೀಳಗಿ ತಾಲ್ಲೂಕಿನ ಬಾಡಗಂಡಿಯಂಥ ಊರಲ್ಲೇ ಮೆಡಿಕಲ್ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಿವೆ, 108 ಇದೆ. ದಾರಿ ಗಿಡ್ಡವಾಗಿದೆ. ಈಗ ತಡವಾಗುವುದು ಹೆಚ್ಚಾಗಿ ಮನೆಯಲ್ಲಿ, ಮೊಬೈಲ್ ಮುಂದೆ.

ಸುಳ್ಳು ಯಾವುದು, ನಿಜ ಯಾವುದು

ಗಡ್ಡೆ ಎಂದರೆ ಕ್ಯಾನ್ಸರ್: ಸುಳ್ಳು. ಸಾಧು ಗಡ್ಡೆಗಳು ಬಹಳ. ಆದರೆ ಯಾವುದು ಸಾಧು ಎಂದು ಮುಟ್ಟಿ ನೋಡಿ ಹೇಳಲಾಗದು. ತೆಗೆದ ಗಡ್ಡೆಯನ್ನು ಲ್ಯಾಬಿಗೆ ಕಳಿಸಿ ಬಯಾಪ್ಸಿ ಮಾಡಿಸಲೇಬೇಕು. ಹೊಲಿಗೆ ಬಿಚ್ಚಿಸಲು ಹೋದಾಗ ಆ ರಿಪೋರ್ಟ್ ಕೇಳಿ ಪಡೆದು, ಜೋಪಾನವಾಗಿ ಇಟ್ಟುಕೊಳ್ಳಿ.

ಚಾಕು ತಾಗಿದರೆ ಗಡ್ಡೆ ಹರಡುತ್ತದೆ: ಸಾಧು ಗಡ್ಡೆಗಳ ಮಟ್ಟಿಗೆ ಇದು ಸುಳ್ಳು. ಕ್ಯಾನ್ಸರ್ ಆದರೂ ಬೇಗ ತೆಗೆದಷ್ಟು ಒಳ್ಳೆಯದು. ಆಪರೇಷನ್ ಆದ ಮೇಲೆ ಹರಡಿದ್ದು ತಿಳಿದವರಲ್ಲಿ ಎಷ್ಟೋ ಜನರಿಗೆ ಅದು ಮೊದಲೇ ಹರಡಿರುತ್ತದೆ.

ಕಷಾಯ ಕುಡಿದರೆ ಗಡ್ಡೆ ಕರಗುತ್ತದೆ: ಕೊಬ್ಬಿನ ಗಡ್ಡೆ, ಡರ್ಮಾಯಿಡ್ ಇಂಥವನ್ನು ಕರಗಿಸುವ ಕಷಾಯ ಇಲ್ಲ. ಅಂಡಾಶಯದ ಕೆಲವು ಸಣ್ಣ ನೀರುಗುಳ್ಳೆಗಳು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತದೆ.

ಹೊಟ್ಟೆನೋವಿಗೆ ಹರಳೆಣ್ಣೆ, ಎನಿಮಾ, ತಿಕ್ಕುವುದು, ಬರೆ ಹಾಕುವುದು: ಗಂಭೀರ ನೋವಿನಲ್ಲಿ ಇವೆಲ್ಲ ಅಪಾಯ. ಬಾತುಕೊಂಡ ಅಪೆಂಡಿಕ್ಸ್ ಒಡೆಯಬಹುದು, ಕಟ್ಟಿದ ಕರುಳಿಗೆ ಇನ್ನಷ್ಟು ಒತ್ತಡ ಬೀಳಬಹುದು. ಬರೆಯಿಂದ ಮೇಲಿನ ಚರ್ಮ ಸುಡುತ್ತದೆಯೇ ಹೊರತು ಒಳಗಿನ ಕಾಯಿಲೆಗೆ ಏನೂ ಆಗುವುದಿಲ್ಲ.

ಯಾವಾಗ ಕಾಯಬಾರದು

- ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ ಬಂದ ಜೋರು ಹೊಟ್ಟೆನೋವು ಆರು ಗಂಟೆಯಾದರೂ ಇಳಿಯದಿದ್ದರೆ. ಇದು ಸರ್ಜನ್‌ಗಳ ಹಳೆಯ ನಿಯಮ.
- ಹೊಕ್ಕಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಸರಿದರೆ, ಕೆಮ್ಮಿದರೆ, ನಡೆದರೆ ಹೆಚ್ಚಾದರೆ.
- ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ಹೋಗದಿದ್ದರೆ.
- ಹೊಟ್ಟೆ ಹಲಗೆಯಂತೆ ಬಿಗಿಯಾಗಿದ್ದರೆ.
- ನೋವಿನ ಜೊತೆ ಜ್ವರ, ತಲೆಸುತ್ತು, ಮಲದಲ್ಲಿ ರಕ್ತ ಇದ್ದರೆ.
- ಮುಟ್ಟು ತಪ್ಪಿದ ಹೆಣ್ಣುಮಕ್ಕಳಿಗೆ ಹೊಟ್ಟೆನೋವು ಬಂದು ತಲೆ ತಿರುಗಿದರೆ. ಗರ್ಭ ನಳಿಕೆಯಲ್ಲಿ ನಿಂತಿರಬಹುದು, ಒಂದು ಗಳಿಗೆಯೂ ತಡ ಮಾಡಬಾರದು.

ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಊಟ, ನೀರು ಕೊಡಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಮೇಲಿಂದ ಮೇಲೆ ನೋವಿನ ಮಾತ್ರೆ ನುಂಗಿಸುತ್ತ ಮನೆಯಲ್ಲೇ ಕಾಯಬೇಡಿ. ಇನ್ನು ನೋವಿಲ್ಲದೆ ಹೊಟ್ಟೆ ನಿಧಾನಕ್ಕೆ ಉಬ್ಬುತ್ತಿದ್ದರೆ, ಕೈಗೆ ಗಡ್ಡೆ ಸಿಗುತ್ತಿದ್ದರೆ, ಅದು ಬೊಜ್ಜು ಅಂತ ಬಿಡಬೇಡಿ. ಒಂದು ಸ್ಕ್ಯಾನಿಂಗ್ ಮಾಡಿಸಿ.

ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹೊಲದ ಕೆಲಸ, ಮಗ್ಗದ ಕೆಲಸ, ಮಕ್ಕಳು ಮರಿ ಅಂತ ಅವರು ನೋವನ್ನು ಹೇಳುವುದೇ ಕಡಿಮೆ. ಹೇಳಿದರೂ ಮುಟ್ಟಿನ ನೋವು ಎಂದು ತಳ್ಳಿಹಾಕುವವರೇ ಜಾಸ್ತಿ. ಜೇನ್ ಅವರ ನೋವನ್ನೂ ಎಲ್ಲರೂ ಬಸಿರಿನ ನೋವು ಅಂದಿದ್ದರು. ಒಬ್ಬರು ಮಾತ್ರ ಇನ್ನೊಮ್ಮೆ ಪರೀಕ್ಷಿಸಿ ನೋಡಿದರು.

ಮ್ಯಾಕ್‌ಡೊವೆಲ್ ಅವರ ಡ್ಯಾನ್‌ವಿಲ್ ಮನೆ ಈಗ ಮ್ಯೂಸಿಯಂ. 1929ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆ ನಿಂತಿತು. ಆದರೆ ಅವರಿಗೆ ಸಿಗದೇ ಹೋದದ್ದು, ಇವತ್ತು ನಮ್ಮ ಹತ್ತಿರದ ದವಾಖಾನೆಯಲ್ಲಿ ನಮಗೆ ಸಿಗುತ್ತದೆ: ಹೊಟ್ಟೆಯ ಒಳಗೆ ಏನಿದೆ ಎಂದು ಕೊಯ್ಯುವ ಮುಂಚೆಯೇ ನೋಡುವ ಯಂತ್ರ, ನೋವಿಲ್ಲದ ಆಪರೇಷನ್, ಅಪೆಂಡಿಕ್ಸ್ ಎಂದರೇನು ಎಂದು ಬಲ್ಲ ಡಾಕ್ಟರು.

ಗಡ್ಡೆ ಕರಗಿಸುವ ಮೆಸೇಜು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ. ಯಾರದೋ ಮನೆಯಲ್ಲಿ ಯಾರೋ ಹೊಟ್ಟೆ ಹಿಡಿದುಕೊಂಡು ಬೆಳಗಾಗಲಿ ಎಂದು ಕಾಯುತ್ತಿರಬಹುದು.